ಯಾರೂ ನೋಡದ ಹಿಂಭಾಗ

ಸೋಮವಾರ ಬೆಳಗ್ಗೆ ಪಕ್ಕದ ಮನೆಯಾಕೆ ಬಟ್ಟೆಯ ಗಂಟು ಹಿಡಿದು ಬಂದಳು. ಹಿಂದಿನ ದಿನವಷ್ಟೇ ಅವಳ ಗಂಡ ತೀರಿಕೊಂಡಿದ್ದ. ಅವನ ಅಜ್ಜ ಸ್ಕಾಟ್ಲೆಂಡಿನವನಂತೆ. ಅಲ್ಲಿಂದ ತರಿಸಿದ ಚೌಕಳಿ ಉಣ್ಣೆಬಟ್ಟೆಯಲ್ಲಿ ಕಿಲ್ಟ್ ಹೊಲಿಸಿಕೊಳ್ಳಬೇಕೆಂದು ವರ್ಷಗಟ್ಟಲೆ ಹೇಳಿದ್ದೇ ಹೇಳಿದ್ದು, ಹೊಲಿಸಲಿಲ್ಲ. ಕಿಲ್ಟ್ ಎಂದರೆ ಅವರ ಗಂಡಸರು ಸೊಂಟಕ್ಕೆ ಸುತ್ತುವ ಮೊಣಕಾಲುದ್ದದ ಉಡುಗೆ. ಮುಂದೆ ಸಪಾಟು, ಹಿಂದೆಲ್ಲ ನೆರಿಗೆ.

"ಶುಕ್ರವಾರ ಫ್ಯೂನರಲ್. ಅವನಿಗೆ ಇದರ ಕಿಲ್ಟನ್ನೇ ಉಡಿಸಿ ಕಳಿಸಬೇಕು. ನೀನು ನೆರಿಗೆ ಹಿಡಿಯೋಳಲ್ವಾ?" ಎಂದಳು, ತನ್ನ ಇಂಗ್ಲಿಷಿನಲ್ಲಿ.

ನಿಜ. ಈ ಪರದೇಶದಲ್ಲಿ, ಸ್ಟರ್ಲಿಂಗ್ ಹೈಟ್ಸ್ ಊರಿನಿಂದ ನಾರ್ತ್‌ವಿಲ್‌ವರೆಗೆ ನಮ್ಮ ಹೆಂಗಸರ ಸೀರೆಗಳಿಗೆ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ ಕೊಡುವವಳು ನಾನು. ಆಗಲಿ ಎಂದೆ. ಅವಳು ಅತ್ತಳು. ನನಗೇನೂ ಅನ್ನಿಸಲಿಲ್ಲ. ನನ್ನವರು ಹೋಗಿ ಹನ್ನೊಂದು ತಿಂಗಳಾಗಿತ್ತು, ಅಂದಿನಿಂದಲೂ ಹೀಗೇ, ಒಮ್ಮೆಯೂ ಅಳು ಬಂದಿರಲಿಲ್ಲ.

ಆದರೂ ಒಪ್ಪಿಕೊಂಡಿದ್ದಕ್ಕೆ ಕಾರಣವಿತ್ತು. ನನ್ನವರಿಗೆ ಉಡಿಸಲು ಫ್ಯೂನರಲ್ ಹೋಮ್‌ನವರು ಬಟ್ಟೆ ಕೇಳಿದಾಗ ನಾನು ಜರಿಯಂಚಿನ ಪಂಚೆ ತೆಗೆದಿದ್ದೆ. ಮಗಳು ತಡೆದಳು. "ಅಮ್ಮಾ, ದೇ ವೋಂಟ್ ನೋ ಹೌ ಟು ಟೈ ಇಟ್. ವೆಲ್ಕ್ರೋದು ಕೊಡು." ನೆರಿಗೆ ಮೊದಲೇ ಹೊಲಿದು, ಸೊಂಟಕ್ಕೆ ಅಂಟುಪಟ್ಟಿ ಹಚ್ಚಿದ ರೆಡಿಮೇಡ್ ಪಂಚೆ ಅದು. ನಾನೇ ಬಂದು ಉಡಿಸುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಹಬ್ಬದ ದಿನ ಕೆಳಗೆ ಕೂತು ನನ್ನ ಸೀರೆಯ ನೆರಿಗೆ ಸರಿಮಾಡುತ್ತಿದ್ದ ಮನುಷ್ಯನಿಗೆ ವೆಲ್ಕ್ರೋ ಅಂಟಿಸಿ ಕಳಿಸಿಬಿಟ್ಟೆ. ಇನ್ನೊಬ್ಬ ಗಂಡಸು ಹಾಗೆ ಹೋಗಕೂಡದು ಎಂಬುದಷ್ಟೇ ನನ್ನ ಹಟ.

ಬಟ್ಟೆ ಆರು ಗಜವಿತ್ತು, ಸೀರೆಯಷ್ಟೇ. ಅದೇ ನನ್ನನ್ನು ಕೆಡಿಸಿದ್ದು. ಸೀರೆಗೆ ಹಿಡಿದ ಹಾಗೆ ಬೆರಳಳತೆಯಲ್ಲಿ ಸಮಸಮ ಮಡಿಸಿ, ಎರಡು ದಿನ ಕೂತು ಹೊಲಿದೆ. ಬುಧವಾರ ತಿರುಗಿಸಿ ನೋಡಿದರೆ, ಅಯ್ಯೋ ನನ್ನ ಕರ್ಮವೇ! ಮುಂದೆ ಅಷ್ಟು ಚೆಂದದ ಚೌಕಳಿ, ಹಿಂದೆ ಒಂದು ಮಡಿಕೆ ಕೆಂಪು, ಒಂದು ಹಸಿರು, ಒಂದರಲ್ಲಿ ಅರ್ಧ ಗೆರೆ. ತಲೆಬುಡವಿಲ್ಲ.

ಪಕ್ಕದವಳು ಬಂದು ನೋಡಿದಳು. "ಇರಲಿ ಬಿಡು. ಅವನು ಪೆಟ್ಟಿಗೆಯಲ್ಲಿ ಅಂಗಾತ ಮಲಗಿರ್ತಾನೆ. ಹಿಂದುಗಡೆ ಯಾರು ನೋಡ್ತಾರೆ?"

"ನಾನು ನೋಡಿದೀನಲ್ಲ!" ಎಂದು ರೇಗಿದೆ. ಗಂಡ ಸತ್ತವಳ ಮೇಲೆ ರೇಗುವುದೇ? ರೇಗಿದೆ. ಆಮೇಲೆ ಕೂತು ಅಷ್ಟೂ ಬಿಚ್ಚಿದೆ.

ಚೌಕಳಿ ದೊಡ್ಡದು; ಒಂದು ವಿನ್ಯಾಸ ಮುಗಿದು ಮತ್ತೆ ಶುರುವಾಗಲು ಹತ್ತು ಇಂಚು ಬೇಕು. ನೆರಿಗೆಗೊಂದು ಇಡೀ ವಿನ್ಯಾಸ ನುಂಗಿಸಿದರೆ ಹದಿನೈದು ನೆರಿಗೆಗೇ ಬಟ್ಟೆ ಮುಗಿಯುತ್ತದೆ, ಹಿಂಭಾಗ ತುಂಬಲು ಅಷ್ಟು ಸಾಲದು. ದಿಟ್ಟಿಸುತ್ತಾ ಕೂತಾಗ ಕಂಡಿತು: ತೆಳ್ಳನೆಯ ಹಳದಿ ಗೆರೆಯೊಂದು ಪ್ರತಿ ವಿನ್ಯಾಸದಲ್ಲೂ ಎರಡು ಸಲ ಬರುತ್ತಿತ್ತು. ಆ ಗೆರೆಯನ್ನೇ ಪ್ರತಿ ನೆರಿಗೆಯ ನಡುವಿಗೆ ತಂದೆ. ಒಳಗಿನ ಮಡಿಕೆ ಒಂದು ಆಳ, ಒಂದು ಕಿರಿದು. ಹೊರಗೆ ಎಲ್ಲವೂ ಒಂದೇ. ಗುರುವಾರ ಸಂಜೆಗೆ ಮೂವತ್ತು ನೆರಿಗೆ, ಮೂವತ್ತು ಹಳದಿ ಗೆರೆ ನೆಟ್ಟಗೆ ಕೂತವು. ಬೆರಳು ಊದಿತ್ತು. ಆಗಲೂ ಖುಷಿಯಾಗಲಿಲ್ಲ.

ಶುಕ್ರವಾರ ಅವನು ಅಂಗಾತ ಮಲಗಿದ್ದ. ಬಂದವರೆಲ್ಲ ಮುಂಭಾಗದ ಚೌಕಳಿ ನೋಡಿ ಹೊಗಳಿದರು. ಪಕ್ಕದವಳು ನನ್ನ ಕೈ ಹಿಡಿದು ಕೇಳಿದಳು.

"ನಿನ್ನ ಗಂಡನಿಗೆ ಏನು ಉಡಿಸಿದ್ದೆ?"

"ಪಂಚೆ. ನಮ್ಮ ಕಡೆ ಅದಕ್ಕೂ ನೆರಿಗೆ ಇರುತ್ತೆ."

"ಅದನ್ನೂ ನೀನೇ ಹಿಡಿದಿರ್ತೀಯ, ಅಲ್ವಾ?" ಎಂದಳು.

ಹೌದು ಎಂದು ತಲೆಯಾಡಿಸಿದೆ. ಹನ್ನೊಂದು ತಿಂಗಳಾದ ಮೇಲೆ, ಆ ಸುಳ್ಳು ಹೇಳಿ, ಅಲ್ಲಿ ನಿಂತೇ ಅತ್ತೆ.