ನಾನು ಮುಚ್ಚಿಸಿದ ತೂತು

ಕಾಲೇಜು ದಿನಗಳಿಂದ ವಾದ ಗೆಲ್ಲುತ್ತಲೇ ಬಂದವಳು ನಾನು. ಕಳೆದ ತಿಂಗಳ ಒಂದು ಭಾನುವಾರ, ಗೆದ್ದ ವಾದವೊಂದನ್ನು ನಾನೇ ಹಾರೆ ಹಿಡಿದು ಒಡೆದೆ. ಸೋಲು ಇಷ್ಟು ಖುಷಿ ಕೊಡುತ್ತದೆಂದು ಯಾರೂ ಹೇಳಿರಲಿಲ್ಲ!

ವರ್ತೂರಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯ ಬುಡದಲ್ಲಿ ಒಂದು ತೂತಿತ್ತು. ಬಕೆಟ್ ತೂರುವಷ್ಟು ದೊಡ್ಡದು. ಅದರಾಚೆ, ಕೆರೆಗೆ ಹೋಗುವ ಕಾಲುವೆ. ಬೇಸಿಗೆಯ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ನಾನು ಎದ್ದು ನಿಂತೆ. 'ನೀರು ಹೊರಗೆ ಹೋಗುವ ತೂತಿನಿಂದ ಒಳಗೂ ಬರಬಹುದು. ಜೊತೆಗೆ ಇಲಿ, ಹಾವು, ವಾಸನೆ. ಮುಚ್ಚಬಾರದು ಅನ್ನುವವರು ಒಂದು ಕಾರಣ ಕೊಡಿ!' (ಡಿಬೇಟ್ ಕಪ್ ಗೆದ್ದವರ ನೆರೆಹೊರೆ ಕಷ್ಟ, ಒಪ್ಪುತ್ತೇನೆ.) ಎಲ್ಲ ಕೈಗಳೂ ಮೇಲೆ. ಮರುದಿನವೇ ಸಿಮೆಂಟ್ ಬಿತ್ತು.

ಕಾರಣ ಕೊಟ್ಟವರು ಒಬ್ಬರಿದ್ದರು. ಅವರಿಗೆ ವೋಟಿರಲಿಲ್ಲ. ಗೇಟಿನ ಬಳಿ ಸೊಪ್ಪು ಮಾರುವ ಮುನಿಯಮ್ಮ.

'ಅದು ನೀರು ಬರೋ ದಾರಿ ಅಲ್ಲ ಕಣವ್ವಾ, ಓಗೋ ದಾರಿ.'

'ಪ್ರೂಫ್ ಏನು ಅಜ್ಜಿ?'

'ಮಳೆ ಬರ್ಲಿ.'

ಅವರ ಮಾವ ಈ ಊರಿನ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಕಾಲುವೆ ಕಾಯುವುದು ಅವರ ಕೆಲಸ. ನಮ್ಮ ಪಾರ್ಕಿಂಗ್ ಇರುವುದೇ ಅವರ ರಾಗಿ ಹೊಲದ ಮೇಲೆ. ನಾನು ಕೇಳಿಸಿಕೊಂಡೆ, ಹಳೇ ಕಾಲದ ಹಂಬಲ ಎಂದುಕೊಂಡು ಪಾಲಕ್ ತಗೊಂಡು ಮೇಲೆ ಬಂದೆ.

ಆ ಭಾನುವಾರ ಮಳೆ ಬಂತು.

ಅದೇ ದಿನ ಮೂರನೇ ಮಹಡಿಯ ಶಿವಲೀಲಕ್ಕನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ದಾವಣಗೆರೆಯಿಂದ ಬಸ್ಸು ತುಂಬ ನೆಂಟರು ಬಂದಿದ್ದರು. ಊಟ ಪಾರ್ಕಿಂಗ್‌ನಲ್ಲೇ. ಬೆಳಗ್ಗೆ ಎಂಟು ಗಂಟೆಗೆ ಪಾದ ಮುಳುಗುವಷ್ಟು ನೀರು. ಒಂಬತ್ತಕ್ಕೆ ಮೊಣಕಾಲು ಮುಟ್ಟಲು ಗೇಣು ಬಾಕಿ. ಅಡುಗೆಯವರು ಒಲೆ ಬಿಟ್ಟು, ಹೋಳಿಗೆ ಬುಟ್ಟಿಗಳನ್ನು ಕಾರುಗಳ ಮೇಲಿಟ್ಟರು. ಪಂಪ್? ಅದೂ ಮುಳುಗಿ ಕೂತಿತ್ತು.

ಶಿವಲೀಲಕ್ಕ ಸೀರೆ ಎತ್ತಿ ಹಿಡಿದು ನನ್ನನ್ನೇ ನೋಡಿದರು. 'ತೊಟ್ಟಿಲು ಕಟ್ಲೋ, ದೋಣಿ ಕಟ್ಲೋ, ನೀನೇ ಹೇಳವಾ!'

ನಾನು ಬಕೆಟ್ ಹಿಡಿದು ನೀರು ಎತ್ತಿ ಹಾಕತೊಡಗಿದೆ.

ಅಷ್ಟರಲ್ಲಿ ತಲೆಗೆ ಗೊಬ್ಬರದ ಚೀಲ ಹೊದ್ದು ಮುನಿಯಮ್ಮ ಬಂದರು. ಕೈಯಲ್ಲಿ ಹಾರೆ. ನೇರ ನನಗೇ ಕೊಟ್ಟರು. 'ಮುಚ್ಸಿದ್ದು ನೀನಲ್ವಾ? ನೀನೇ ಒಡಿ.'

ಹೊಡೆದೆ. ಹತ್ತನೇ ಏಟಿಗೋ ಹನ್ನೊಂದಕ್ಕೋ ಸಿಮೆಂಟ್ ಬಿರಿಯಿತು. ಭುಸ್ ಎಂದು ನೀರು ಹೊರಗೆ ಹಾರಿತು ನೋಡಿ! ನೆಂಟರೆಲ್ಲ ಸಿಕ್ಸರ್ ನೋಡಿದವರಂತೆ ಕೂಗಿದರು. ಗಂಟೆಯೊಳಗೆ ನೆಲ ಕಂಡಿತು. ಪೊರಕೆ ಹಿಡಿದವರು ಐಟಿಯವರೋ ಅಡುಗೆಯವರೋ ಗೊತ್ತಾಗಲಿಲ್ಲ. ಮಧ್ಯಾಹ್ನ ತೊಟ್ಟಿಲು ತೂಗಿತು. ಮೊದಲ ಪಂಕ್ತಿಯಲ್ಲಿ ಮುನಿಯಮ್ಮನಿಗೆ ಎರಡು ಹೋಳಿಗೆ ಜಾಸ್ತಿ.

ಆದರೂ ವಾದ ಮಾಡುವವಳ ನಾಲಿಗೆ ಸುಮ್ಮನಿರುತ್ತದೆಯೇ? ಪಕ್ಕದ ಎಲೆಗೆ ಕೂತು ಕೇಳಿದೆ. 'ಕೆರೆ ತುಂಬಿ ಕಾಲುವೆ ಉಕ್ಕಿದ್ರೆ? ಆಗ ನೀರು ಒಳಗೆ ಬರಲ್ವಾ ಅಜ್ಜಿ?'

'ಬರ್ತದೆ' ಎಂದರು, ಹೋಳಿಗೆಗೆ ತುಪ್ಪ ಸವರುತ್ತಾ.

ಗೆದ್ದೆ! ನನ್ನ ವಾದದಲ್ಲಿ ಹುರುಳಿತ್ತು!

'ಅದಕ್ಕೇ ಅಲ್ವಾ ನಮ್ ಮಾವ ಮಳೇಲಿ ಮನೇಲಿ ಕೂತ್ಕಂತಿರಲಿಲ್ಲ? ತೂತಿಗೆ ಒಂದು ಮರದ ಅಲಗೆ ಮಾಡ್ಸು. ಓಗೋ ನೀರಿಗೆ ತೆಗಿ, ಬರೋ ನೀರಿಗೆ ಇಕ್ಕು. ನೋಡ್ಕಳೋಕೆ ಒಂದಾಳು ಬೇಕು, ಅಷ್ಟೇಯ.'

ಅಷ್ಟೇಯ! ಗೋಡೆ ಎತ್ತರಿಸಿದೆವು, ಪಂಪ್ ತಂದೆವು, ಕ್ಯಾಮೆರಾ ಹಾಕಿದೆವು, ವಾಟ್ಸಾಪ್ ಗ್ರೂಪ್ ಮೂರು ಮಾಡಿದೆವು. ಮಳೆ ಬಂದಾಗ ಎದ್ದು ಹೋಗಿ ನೀರು ನೋಡುವ ಒಬ್ಬ ಮನುಷ್ಯ ಬೇಕೆಂದು ಈ ಊರಿನ ಯಾವ ಮೀಟಿಂಗ್‌ನಲ್ಲಾದರೂ ಯಾರಾದರೂ ಹೇಳಿದ್ದುಂಟೇ?

ಸಂಜೆ ತುರ್ತು ಮೀಟಿಂಗ್. ಶಿವಲೀಲಕ್ಕ ಆ ಕೆಲಸಕ್ಕೆ ನನ್ನ ಹೆಸರು ಸೂಚಿಸಿದರು. ಎಲ್ಲ ಕೈಗಳೂ ಮೇಲೆ. ವಾದಕ್ಕೆ ಅವಕಾಶವೇ ಕೊಡಲಿಲ್ಲ. ಅದೇ ವಾರ ತೂತಿಗೆ ಹಲಗೆಯೂ ಬಂತು. ಈಗ ಆಕಾಶ ಕಪ್ಪಾದರೆ ಲ್ಯಾಪ್‌ಟಾಪ್ ಮುಚ್ಚಿ ಹಲಗೆಯ ಹತ್ತಿರ ಓಡುತ್ತೇನೆ. ಗೇಟಿನಿಂದ ಕೂಗು ಕೇಳುತ್ತದೆ: 'ತೆಗಿಯವ್ವಾ, ತೆಗಿ, ನಿಂತ್ಕಂಡು ಯೋಚ್ನೆ ಮಾಡ್ಬ್ಯಾಡ!'

ನಮ್ಮ ಅಪಾರ್ಟ್‌ಮೆಂಟಿಗೆ ನೀರುಗಂಟಿ ಸಿಕ್ಕಾಯಿತು. ನಿಮ್ಮಲ್ಲಿ ಯಾರು?