ಇಬ್ಬರು ಡಾಕ್ಟರ ಮರ್ಯಾದೆ

ಇಂಗ್ಲೆಂಡಿನಲ್ಲಿ ಫಾರ್ಮಸಿ ಓದುವಾಗ ನಾನು ತರಬೇತಿಗೆ ಹೋಗುತ್ತಿದ್ದ ಔಷಧಿ ಅಂಗಡಿಯಲ್ಲಿ ಒಂದು ಪುಟ್ಟ ಕೋಣೆಯಿತ್ತು. ರೋಗಿಯನ್ನು ಒಳಗೆ ಕೂರಿಸಿ, ಬಾಗಿಲು ಹಾಕಿ, ಬೇರೆ ಏನೇನು ಮಾತ್ರೆ ತಗೊಳ್ತೀರಿ ಎಂದು ಕೇಳಬೇಕು. ನಮ್ಮ ಮೂಡಿಗೆರೆಯ ಮೆಡಿಕಲ್ ಶಾಪುಗಳಲ್ಲೋ, ನಿಮ್ಮ ಮೂಲವ್ಯಾಧಿಯ ಸುದ್ದಿ ಹಿಂದೆ ನಿಂತವರಿಗೆಲ್ಲ ಉಚಿತ. ನಮ್ಮದು ವ್ಯವಸ್ಥೆಯೇ ಅಲ್ಲ ಎಂದು ತರಗತಿಯಲ್ಲಿ ವಾದಿಸಿ ಗೆದ್ದಿದ್ದೆ.

ರಜೆಗೆ ನಮ್ಮೂರು ಜಾವಳಿಗೆ ಬಂದಾಗ ದೊಡ್ಡಮ್ಮ ಎದ್ದು ನಿಂತರೆ ತಲೆಸುತ್ತಿ ಗೋಡೆ ಹಿಡಿಯುತ್ತಿದ್ದರು. ಕಾಫಿ ಕಣದಲ್ಲಿ ಒಮ್ಮೆ ಬಿದ್ದೂ ಇದ್ದರು. ಮೂಡಿಗೆರೆ ಡಾಕ್ಟರು ಬರೆದಿದ್ದ ಬಿ.ಪಿ. ಮಾತ್ರೆ ಮುಗಿದರೆ ಖಾಲಿ ಸ್ಟ್ರಿಪ್ಪನ್ನು ಎಸ್ಟೇಟ್ ಜೀಪಿನವನ ಕೈಗೆ ಕೊಡುವುದು, ಸಂಜೆ ಅಲ್ಲಿನ ಅಂಗಡಿಯಿಂದ ಹೊಸದು ಬರುವುದು, ಇಷ್ಟೇ ಅವರ ಚಿಕಿತ್ಸೆ. ಡಾಕ್ಟರ ಚೀಟಿಯನ್ನು ಯಾರೂ ಕೇಳುತ್ತಿರಲಿಲ್ಲ. ಮೂಡಿಗೆರೆಯ ಆ ಅಂಗಡಿಗೆ ಜಗಳಕ್ಕೆಂದೇ ಹೋದೆ.

ಚೀಟಿಗಾಗಿ ಪ್ರತಿ ಸಲ ಇಲ್ಲಿಗೆ ಓಡಿಸಿದರೆ ಅವರು ಮಾತ್ರೆಯನ್ನೇ ಬಿಡುತ್ತಾರೆ ಎಂದರು ಅಂಗಡಿಯವರು. ನಾನು ಉತ್ತರ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ನಮ್ಮೂರಿನ ಹೆಂಗಸೊಬ್ಬರು ಬಾಯಿ ಹಾಕಿದರು: "ಅಲ್ಲ ಮಾರಾಯ್ತಿ, ನಿನ್ನ ದೊಡ್ಡಮ್ಮ ಆಲ್ದೂರು ಡಾಕ್ಟರ ಬಿ.ಪಿ. ಮಾತ್ರೆನೂ ನುಂಗ್ತಾರಲ್ಲ, ಅದಕ್ಕೆ ಯಾರ ಹತ್ರ ಜಗಳ ಆಡ್ತೀಯ?"

ಮನೆಗೆ ಬಂದು ಎರಡು ಮಾತ್ರೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ; ದುಪ್ಪಟ್ಟು ಬಿದ್ದು ತಲೆಸುತ್ತುತ್ತಿತ್ತು. ಮೂಡಿಗೆರೆ ಡಾಕ್ಟರಿಗೆ ಫೋನ್ ಮಾಡಿದರೆ, ಆಲ್ದೂರಿನದನ್ನು ಇವತ್ತೇ ನಿಲ್ಲಿಸಿ ಎಂದರು.

ಒಬ್ಬರ ಮಾತ್ರೆಯ ವಿಷಯ ಇನ್ನೊಬ್ಬ ಡಾಕ್ಟರಿಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ದೊಡ್ಡಮ್ಮನಿಗೆ ನನ್ನ ದಡ್ಡತನ ಕಂಡು ಕನಿಕರ. "ಆಲ್ದೂರಿನವರು ನಮ್ಮ ನೆಂಟರು. ಮೂಡಿಗೆರೆಯವರು ನಿನ್ನ ದೊಡ್ಡಪ್ಪನ ಜೀವ ಉಳಿಸಿದವರು. ನಂಬಿಕೆ ಇಲ್ದೆ ಇನ್ನೊಬ್ಬರ ಹತ್ರ ಹೋದೆ ಅಂತ ತಿಳ್ಕೊಳಲ್ವಾ?"

ಬಾಗಿಲು ಹಾಕಿ ಕೇಳಿದ್ದರೂ ಇವರು ಬಾಯಿ ಬಿಡುತ್ತಿರಲಿಲ್ಲ. ಹಾಗಂತ ನಮ್ಮದೇ ಮೇಲು ಎನ್ನಲಾರೆ. ಆ ಹೆಂಗಸಿಗೆ ಅವತ್ತು ಕೆಮ್ಮು ಇಲ್ಲದಿದ್ದರೆ? ನೆರೆಯವರ ಕೆಮ್ಮನ್ನು ನಂಬಿಕೊಂಡು ಊರಿನ ಆರೋಗ್ಯ ನಡೆಸಲು ಬರುವುದಿಲ್ಲ.

ಆಲ್ದೂರಿನವರಿಗೆ ಹೇಳದೆ ಅವರ ಮಾತ್ರೆ ಬಿಡಲು ದೊಡ್ಡಮ್ಮ ಒಪ್ಪಲಿಲ್ಲ. ಅವತ್ತೇ ಜೀಪು ಹತ್ತಿಸಿದೆ. ಡಾಕ್ಟರ ಮುಂದೆ ನಾನು ಪೀಠಿಕೆ ಶುರುಮಾಡುವ ಮೊದಲೇ ದೊಡ್ಡಮ್ಮ, "ನಾನಾಗಿ ಬಿಡ್ತಿಲ್ಲ ಡಾಕ್ಟ್ರೇ, ಇವಳೇ ಬಿಡಿಸ್ತಿರೋದು. ಫಾರಿನ್ನಲ್ಲಿ ಓದ್ತಾಳೆ, ಹೇಳಿದ್ದು ಕೇಳಲ್ಲ" ಎಂದುಬಿಟ್ಟರು.

ಡಾಕ್ಟರು ನನ್ನ ಮುಖ ನೋಡಿದರು. ಹೌದು, ನನ್ನದೇ ಹಟ ಎಂದೆ. ದೊಡ್ಡಮ್ಮ ನೆಮ್ಮದಿಯಾಗಿ ಸೆರಗು ಸರಿಮಾಡಿಕೊಂಡು, ಬಿ.ಪಿ. ನೋಡಿಸಲು ಕೈ ಚಾಚಿದರು.