ಅಂಗಳ ದಾಟದ ಸೆರಗು

ಅಂಚು ಹೋಗಿತ್ತು, ಒಡಲು ಹೋಗಿತ್ತು, ಸೆರಗು ಮಾತ್ರ ಹೋಗುತ್ತಿರಲಿಲ್ಲ. ಪರದೆಯ ಮೇಲಿನ ಹಸಿರು ಪಟ್ಟಿ ಒಮ್ಮೆ ಹನ್ನೆರಡಕ್ಕೆ ನಿಂತರೆ ಇನ್ನೊಮ್ಮೆ ಮೂವತ್ತೆಂಟಕ್ಕೆ ನಿಲ್ಲುತ್ತಿತ್ತು. ನೂರು ಮುಟ್ಟಬೇಕಾದದ್ದು ಅರವತ್ತು ದಾಟಿದರೆ ನಮ್ಮ ಪುಣ್ಯ.

ನಮ್ಮ ಮನೆ ಬನಹಟ್ಟಿಯಲ್ಲಿ. ಮಹಡಿಯ ಕೋಣೆಯಲ್ಲಿ ಕೂತು ನಾನು ಕಂಪ್ಯೂಟರಿನಲ್ಲಿ ಸೀರೆಯ ಡಿಸೈನ್ ಮಾಡುತ್ತೇನೆ. ಅಂಗಳದ ಆಚೆ ಮಗ್ಗದ ಮನೆ, ಅದು ಗಂಡನ ರಾಜ್ಯ. ಯಾವ ಎಳೆ ಎತ್ತಬೇಕು, ಯಾವುದು ಬಿಡಬೇಕು ಎಂದು ಮಗ್ಗಕ್ಕೆ ಹೇಳುವ ಪೆಟ್ಟಿಗೆ ಒಂದಿದೆ. ನನ್ನ ಕೋಣೆಯಿಂದ ಅಲ್ಲಿಯವರೆಗೆ ಒಂದು ವೈರು ಎಳೆದಿದ್ದೇವೆ, ಡಿಸೈನ್ ಅದರಲ್ಲೇ ಹೋಗಬೇಕು. ಪೆಟ್ಟಿಗೆಗೆ ಪೆನ್‌ಡ್ರೈವ್ ಚುಚ್ಚುವ ಕಿಂಡಿಯೂ ಇತ್ತು, ನೂಲಿನ ಧೂಳು ತುಂಬಿ ಅದು ಎಂದೋ ಸತ್ತಿತ್ತು.

ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಬೇರೆಯವರ ಡಿಸೈನಿನ ನಕಲು. ಇದು ಮೊದಲ ಸ್ವಂತದ್ದು. ಮುಧೋಳದ ವ್ಯಾಪಾರಿಯೊಬ್ಬರು ಅರೆಮನಸ್ಸಿನಿಂದ ಒಪ್ಪಿದ್ದರು. “ಶನಿವಾರ ಸಂಜೀಗೆ ನಮೂನಿ ಸೀರಿ ನನ್ನ ಕೈಯಾಗ ಇರಬೇಕು ನೋಡ್ರಿ. ಇಲ್ಲಾಂದ್ರ ಡಿಸೈನ್ ಬ್ಯಾರೆ ಕಡಿ ಮಾಡಸ್ತೇನಿ” ಎಂದಿದ್ದರು. ಅವತ್ತು ಗುರುವಾರ. ಹಾಸು ಹೂಡಿದ ಮಗ್ಗ ಸುಮ್ಮನೆ ನಿಂತಿತ್ತು. ನಾನೋ ಗಲಗಲಿಗೆ ಫೋನ್ ಮಾಡಿ ತವರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು. “ಕೂಸು ಹುಟ್ಟೂ ಮದಲ ಕುಲಾಯಿ ಹೊಲದಿ” ಎಂದು ಗಂಡ ಕಾಡಿದರು.

ಹೊಳೆದಂಡೆಯ ಕಬ್ಬಿನ ಊರಿಂದ ಬಂದ ನನಗೆ ನೂಲಿನ ಓನಾಮ ಕಲಿಸಿದವರು ನನ್ನ ಮಾವ. ಹೊಸ ಸೀರೆಗೆ ಬಣ್ಣ ಒಪ್ಪುವವರೂ ಅವರೇ. ನೂಲಿನ ಲಡಿಗಳನ್ನು ಬಾಗಿಲ ಬೆಳಕಿಗೆ ಹಿಡಿದು ಅವರು ಹ್ಞೂಂ ಎನ್ನುವ ತನಕ ನಮ್ಮಲ್ಲಿ ಮಗ್ಗ ಹೂಡುವುದಿಲ್ಲ. ಪಟ್ಟಿ ಪಟ್ಟಿಯ ಹಾಸಿನಲ್ಲಿ ಒಂದೇ ಎಳೆ ಬೇರೆ ಬಣ್ಣದ್ದು ಸೇರಿದ್ದರೂ ಹಾದು ಹೋಗುತ್ತಲೇ ಹಿಡಿಯುತ್ತಿದ್ದ ಮನುಷ್ಯ. ಈ ಸೀರೆಗೆ ಮಾತ್ರ ಲಡಿ ಕೈಯಲ್ಲಿ ಹಿಡಿದು, “ನೀನಽ ಹೇಳವಾ, ಸೆರಗಿಗೆ ಯಾವ್ದು ಒಪ್ಪತೈತಿ?” ಎಂದು ನನ್ನನ್ನೇ ಕೇಳಿದರು. ನಾನು ಹೇಳಿದೆ, ಅವರು ತಲೆಯಾಡಿಸಿದರು. ಅಂತೂ ನಾನೂ ನೇಕಾರರ ಮನೆಯವಳಾದೆ ಎಂದು ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ಅಂಥ ಸೆರಗು ಅಂಗಳ ದಾಟದೆ ಕೂತರೆ ಸಿಟ್ಟು ಬಾರದೇ ಇದ್ದೀತೇ? ನಾನು ಒಲೆ ಹಚ್ಚುವ ಮೊದಲೇ ಕುದಿಯುವವಳು. ಕಂಪ್ಯೂಟರ್ ಆರಿಸಿ ಹಚ್ಚಿದೆ. ಪೆಟ್ಟಿಗೆ ಆರಿಸಿ ಹಚ್ಚಿದೆ. ಕಡತದ ಹೆಸರು ಉದ್ದವಾಯಿತೇನೋ ಎಂದು ಎರಡಕ್ಷರಕ್ಕೆ ಇಳಿಸಿದೆ. ಸೆರಗನ್ನೇ ಮೂರು ತುಂಡು ಮಾಡಿ ಕಳಿಸಿದೆ. ಒಂದು ತುಂಡು ಹೋಯಿತು, ಎರಡನೆಯದು ನಿಂತಿತು. ಉಳಿದ ಮಗ್ಗಗಳ ಅದುರಿಗೆ ಹೀಗಾಗುತ್ತಿದೆಯೇ ಎಂದು ಗಂಡನನ್ನು ಗೋಗರೆದು ಎಲ್ಲವನ್ನೂ ಹತ್ತು ನಿಮಿಷ ನಿಲ್ಲಿಸಿದೆ. ಆಗಲೂ ನಿಂತಿತು.

ಕೊನೆಗೆ ಪೆಟ್ಟಿಗೆಯ ಮುಂದೆಯೇ ಕೂತು ಕಣ್ಣು ನೆಟ್ಟೆ. ವೈರು ಚುಚ್ಚುವಲ್ಲಿ ಒಂದು ಚಿಕ್ಕ ದೀಪ. ಅದು ಉರಿಯುತ್ತಿತ್ತು, ಆರುತ್ತಿತ್ತು, ತುಸು ಹೊತ್ತಿಗೆ ಮತ್ತೆ ಉರಿಯುತ್ತಿತ್ತು. ಅದು ಉರಿಯುವಷ್ಟರಲ್ಲಿ ಚಿಕ್ಕ ಕಡತ ದಾಟಿಬಿಡುತ್ತಿತ್ತು, ದೊಡ್ಡದು ನಡುವೆ ಸಿಕ್ಕಿಬೀಳುತ್ತಿತ್ತು. ತಪ್ಪು ವೈರಿನದು ಎಂದೆ.

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ” ಎಂದರು ಗಂಡ. “ಸೋಮವಾರ ಮೆಕ್ಯಾನಿಕ್ ಬರ್ತಾನ, ಬಿಡು.”

“ಸೋಮವಾರ ಬಂದು ಏನು ಮಾಡ್ತಾನ್ರಿ, ಆರತಿ ಎತ್ತತಾನೇನು?” ಎಂದು ನಿಚ್ಚಣಿಕೆ ಹೊತ್ತು ತಂದೆ.

ಎಳೆ ಕಡಿದಾಗ ಮಾವ ಕಲಿಸಿದ ಪಾಠ ಒಂದೇ: “ಬಟ್ಟಿ ನೋಡಿ ಅಳಬ್ಯಾಡ, ಎಳಿ ಹಿಡಕೊಂಡು ಹಿಂದಕ್ಕ ಹೋಗು.” ವೈರನ್ನು ಬೆರಳ ನಡುವೆ ಹಿಡಿದು ಪೆಟ್ಟಿಗೆಯಿಂದ ಹಿಂದಕ್ಕೆ ಹೊರಟೆ. ಗೋಡೆಯ ಮೂಲೆಯಲ್ಲಿ, ಚಾವಣಿಯ ತಗಡಿನ ಕೆಳಗೆ, ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಮೇಲೆ ಹತ್ತಿಯ ನೂಲು ಒತ್ತಾಗಿ ಸುತ್ತಿತ್ತು. ಬಿಚ್ಚಿದರೆ ಒಳಗೆ ಎಂಟು ಸಣ್ಣ ತಂತಿ, ಎಂಟನ್ನೂ ತುದಿಗೆ ತುದಿ ಹೊಸೆದು ಕೂಡಿಸಿತ್ತು. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಹೀಗೆಯೇ ಹೊಸೆದು ಸೇರಿಸುತ್ತೇವೆ, ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಇದು ಯಾರ ಕೈ ಎಂದು ಕೇಳುವ ಅಗತ್ಯವಿರಲಿಲ್ಲ.

ಮೇಲಿನಿಂದಲೇ ಕೂಗಿದೆ. “ಮಾವಾರ, ಈ ವೈರು ಕೆಚ್ಚಿದವ್ರು ನೀವೇನ್ರಿ?”

ಅವರು ಕೆಳಗೆ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. “ಹೌದವಾ. ಹ್ವಾದ ವಾರ ಇಲಿ ಕಡದಿತ್ತು, ಕೂಡಿಸ್ದೆ.”

“ಒಂದ ಮಾತು ಹೇಳಬಾರದೇನ್ರಿ?”

“ಕಡದ ಎಳಿ ಕೂಡಸೂದಕ್ಕೂ ಡಂಗುರ ಹೊಡೀಬೇಕೇನು?”

ಅದೂ ಖರೆಯೇ. ಕಡಿದ ಎಳೆ ಕಂಡರೆ ನೇಕಾರ ಕೂಡಿಸಿ ಮುಂದೆ ಹೋಗುತ್ತಾನೆ, ಊರಿಗೆ ಹೇಳುತ್ತ ತಿರುಗುವುದಿಲ್ಲ. ತಂತಿಗಳನ್ನು ಒಂದೊಂದಾಗಿ ನೋಡಿದೆ. ಕಿತ್ತಳೆ ಕಿತ್ತಳೆಗೆ, ಹಸಿರು ಹಸಿರಿಗೆ ಸರಿಯಾಗಿ ಕೂಡಿತ್ತು. ನೀಲಿ ಗೆರೆಯ ಬಿಳಿ ತಂತಿ ಮಾತ್ರ ಕಂದು ಗೆರೆಯ ಬಿಳಿ ತಂತಿಗೆ ಸೇರಿತ್ತು, ಕಂದು ಗೆರೆಯದು ನೀಲಿ ಗೆರೆಯದಕ್ಕೆ. ದೀಪ ಉರಿದು ಆರುತ್ತಿದ್ದುದು ಇದಕ್ಕೇ. ಸಿಕ್ಕಿತು ಕಳ್ಳ ಎಂದು ನಗಲು ಹೋದವಳ ಬಾಯಿ ಹಾಗೇ ನಿಂತಿತು. ಸಾವಿರ ಎಳೆಗಳಲ್ಲಿ ಒಂದು ಬಣ್ಣ ತಪ್ಪಿದ್ದನ್ನು ಹಿಡಿಯುವ ಮನುಷ್ಯ ಎಂಟರಲ್ಲಿ ಎರಡು ತಪ್ಪಿದ್ದರು. ಅವರಿಗೆ ಆ ಗೆರೆ ಕಂಡಿರಲೇ ಇಲ್ಲ.

ಹಾಗಾದರೆ ಲಡಿ ಹಿಡಿದು ನನ್ನನ್ನು ಬಣ್ಣ ಕೇಳಿದ್ದು? ನಿಚ್ಚಣಿಕೆಯ ಮೇಲೆಯೇ ನನಗೆ ಅಳು ಬಂತು. ಅತ್ತದ್ದು ಅವರ ಕಣ್ಣಿಗಾಗಿ ಎಂದರೆ ಅರ್ಧ ಸುಳ್ಳು. ಆ ಎರಡು ರೊಟ್ಟಿಯ ಸಂತೋಷಕ್ಕಾಗಿಯೂ ಹೌದು.

ಆದರೆ ಅಳುತ್ತ ಕೂತರೆ ಮಗ್ಗದಿಂದ ಸೀರೆ ಇಳಿಯುವುದಿಲ್ಲ. ಎರಡು ತಂತಿ ಬಿಚ್ಚಿ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಸೆದು ಟೇಪು ಸುತ್ತಿದೆ. ದೀಪ ಉರಿಯಿತು, ಆರಲಿಲ್ಲ. ಓಡಿ ಮಹಡಿ ಹತ್ತಿದೆ. ಹಸಿರು ಪಟ್ಟಿ ಒಂದೇ ಉಸಿರಿಗೆ ನೂರು ಮುಟ್ಟಿತು. ಸೀರೆ ಇಳಿಯುವ ತನಕ ಮಾವನ ಕಣ್ಣಿನ ಬಗ್ಗೆ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿಕೊಂಡೆ.

ಶನಿವಾರ ಮಧ್ಯಾಹ್ನ ವ್ಯಾಪಾರಿ ತಾವೇ ಬಂದರು. ಸೆರಗು ಹರವಿ ಬಹಳ ಹೊತ್ತು ನೋಡಿದರು. “ಛಲೋ ಆಗೇತಿ” ಎಂದು ಮಾವನ ಕಡೆ ತಿರುಗಿ, “ಬಣ್ಣ ಎಂದಿನಂಗ ನೀವಽ ಒಪ್ಪಿದ್ರೇನ್ರಿ?” ಎಂದರು.

“ನಮ್ಮ ಸೊಸಿ ಒಪ್ಪ್ಯಾಳ್ರಿ” ಎಂದರು ಮಾವ.

ವ್ಯಾಪಾರಿ ಸೀರೆ ಮಡಚಿಕೊಂಡು ಹೋದ ಮೇಲೆ ಮಾವನ ಎದುರು ಕೂತೆ. “ಕಣ್ಣು ಯಾವಾಗಿಂದ ಕಾಣವಲ್ವು?”

ರಾಟೆ ತಿರುಗುತ್ತಲೇ ಇತ್ತು. “ಕಾಣತಾವ. ಬಣ್ಣ ಒಂದಿಷ್ಟು ಮಬ್ಬು.”

“ಸೋಮವಾರ ಜಮಖಂಡಿ ದವಾಖಾನಿಗೆ ಹೋಗೂದು. ಎಂಟಕ್ಕ ತಯಾರಾಗ್ರಿ.” ಅಷ್ಟಕ್ಕೇ ಸುಮ್ಮನಿರಬಹುದಿತ್ತು, ಆಗಲಿಲ್ಲ. “ಅದಕ್ಕಽ ನನಗ ಬಣ್ಣ ಕೇಳಿದ್ರೇನ್ರಿ? ಕಾಣಲಾರದ್ದಕ್ಕ?”

ರಾಟೆ ನಿಂತಿತು. ನನ್ನ ಕಡೆ ಮುಖ ಮಾಡಿದರು.

“ಬರೇ ಕಣ್ಣು ಬೇಕಾಗಿದ್ರ ಮಗನ್ನ ಕೇಳತಿದ್ನಲ್ಲವಾ. ಅವಗೂ ಎರಡು ಅದಾವಲ್ಲ.”